ಇಳಿನೀರ ಸೀಮೆಯ ದೋಣಿ

ಮಾನಸಾ ಫೋನ್ ಮಾಡಿದಾಗ ನಾನು ಹೊಳೆನರಸೀಪುರದ ನಮ್ಮ ಮಂಡಿಯಲ್ಲಿ ಕೂತು ಕಾಯಿ ಕಾಯುತ್ತಿದ್ದೆ. ತೆಂಗಿನಕಾಯಿ. ಮಂಡಿಯಲ್ಲಿ ಕೂತೂ ಕೂತೂ ನನಗೆ ಮೂವತ್ತಮೂರಕ್ಕೇ ಮಂಡಿ ನೋವು ಬಂದಿದೆ. ಎದುರಿಗೆ ಇಬ್ಬರು ಕಾಯಿ ವಿಂಗಡಿಸುತ್ತಿದ್ದರು. ಅವರನ್ನು ನಗಿಸಲು ಬಸ್ ಸ್ಟ್ಯಾಂಡಿನ ಮೈಕಿನ ದನಿಯಲ್ಲಿ, "ಹಾಸನಕ್ಕೆ ಹೋಗುವ ಪ್ರಯಾಣಿಕರ ಗಮನಕ್ಕೆ, ನಿಮ್ಮ ಬಸ್ಸು ಈಗಷ್ಟೇ ಹೋಯಿತು" ಎಂದು ಪ್ರಕಟಣೆ ಕೊಡುತ್ತಿದ್ದೆ.

"ಮಧು, ಕೂತಿದೀಯಾ?" ಎಂದಳು ಮಾನಸಾ.

"ಕೂತಿರೋದೇ ನನ್ನ ಕಸುಬು. ಹೇಳು."

"ಲಾಂಗ್ ಬುಕ್ ಸಿಕ್ತು ಕಣೋ."

ಎದ್ದು ನಿಂತೆ. ಮಂಡಿ ಲಟಕ್ ಎಂದಿತು.

ಆ ಲಾಂಗ್ ಬುಕ್ ಏನು ಎಂದು ಹೇಳಬೇಕಾದರೆ ಇಳಿನೀರ ಸೀಮೆಯ ಸುದ್ದಿ ಹೇಳಬೇಕು. ಹಾಸನದಲ್ಲಿ ಡಿಗ್ರಿ ಓದುವಾಗ ನಾವು ನಾಲ್ಕು ಜನ ಪ್ರತಿ ಶನಿವಾರ ಮಧ್ಯಾಹ್ನ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ಆಟ ಆಡುತ್ತಿದ್ದೆವು. ಮೇಜಿನ ಸುತ್ತ ಕೂತು ಆಡುವ ಆಟವೇ, ಆದರೆ ಅದಕ್ಕೆ ಮಣೆಯಿಲ್ಲ, ಎಲೆಯಿಲ್ಲ. ಒಬ್ಬರು ಒಂದು ಲೋಕವನ್ನು ಹೇಳುತ್ತ ಹೋಗುತ್ತಾರೆ. ಮಿಕ್ಕವರು ಆ ಲೋಕದ ಒಬ್ಬೊಬ್ಬ ಮನುಷ್ಯರಾಗಿ, ಅವರ ದನಿಯಲ್ಲಿ ಮಾತಾಡುತ್ತ, ಅವರು ಮಾಡುವುದನ್ನು ಮಾಡುತ್ತ ಒಳಗೆ ಓಡಾಡುತ್ತಾರೆ. ಗೋಡೆ ಹಾರಿದರೆ ಕಾಲು ಮುರಿಯಿತೋ ಉಳಿಯಿತೋ ಅನ್ನುವುದನ್ನು ದಾಳ ಹೇಳುತ್ತದೆ. ಹೊರದೇಶದಲ್ಲಿ ಇದಕ್ಕೆ ಇಪ್ಪತ್ತು ಮುಖದ ದಾಳ ಇದೆಯಂತೆ. ಹಾಸನದ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ನಮ್ಮ ಒಂದೊಂದು ಮುಖವನ್ನೂ ನೋಡಿ ಒಳಗೆ ಹೋದ. ಆದ್ದರಿಂದ ನಮಗೆ ಆರು ಹುಣಸೆ ಬೀಜ. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ಎಸೆದಾಗ ಎಷ್ಟು ಬಿಳಿ ಕಾಣುತ್ತದೋ ಅಷ್ಟು ಒಳ್ಳೆಯದು. ಒಂದೂ ಬಿಳಿ ಬೀಳದಿದ್ದರೆ 'ನೀರು ಏರಿತು'. ಆವತ್ತಿನ ಆಟ ಅಲ್ಲಿಗೆ ಮುಗಿಯಿತು.

ನೀರೇ ಯಾಕೆಂದರೆ, ನಮ್ಮ ಲೋಕ ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ. ಹೇಮಾವತಿಯ ಹಿನ್ನೀರು ಬೇಸಿಗೆಯಲ್ಲಿ ಇಳಿದು, ಅಲ್ಲಿನ ಸೂರಿಲ್ಲದ ಚರ್ಚು ಬುಡದವರೆಗೂ ಎದ್ದು ನಿಂತಿದ್ದನ್ನು ನಾಲ್ಕೂ ಜನ ಬಾಯಿ ಬಿಟ್ಟುಕೊಂಡು ನೋಡಿ ಬಂದಿದ್ದೆವು. ಬಸ್ಸಿನಲ್ಲಿ ಮಾನಸಾ ಹೇಳಿದಳು: "ನೀರು ಇಳಿದಾಗ ಮಾತ್ರ ಇರೋ ಒಂದು ಊರು. ನಾಲ್ಕೇ ತಿಂಗಳು. ಅಷ್ಟರಲ್ಲಿ ಮದುವೆ, ಜಗಳ, ರಾಜಿ ಎಲ್ಲಾ ಮುಗಿಸ್ಕೋಬೇಕು. ಮಳೆ ಬಂದ್ರೆ ಎಲ್ರೂ ದೋಣಿ ಹತ್ಬೇಕು." ಬಸ್ಸು ಹಾಸನ ಮುಟ್ಟುವ ಹೊತ್ತಿಗೆ ಇಳಿನೀರ ಸೀಮೆ ಇತ್ತು.

ಅದನ್ನು ಹೇಳುವವಳು, ನಡೆದದ್ದನ್ನೆಲ್ಲ ಲಾಂಗ್ ಬುಕ್ಕಿನಲ್ಲಿ ಬರೆದಿಡುವವಳು ಮಾನಸಾ. ನಮ್ಮ ಪುಟ್ಟರಾಜು ಅಲ್ಲಿ ಮೀನಿಗೂ ಲಾಠಿ ತೋರಿಸುವ ಕಾವಲುಗಾರ. ನಾನು ದನಿಮಾರಯ್ಯ, ಸೋರೆ ಬುರುಡೆಯಲ್ಲಿ ಜನರ ದನಿ ತುಂಬಿಟ್ಟು ಮಾರುವವನು. ಬುರುಡೆ ಬಿಡುವುದು ಅವನ ಕಸುಬು, ನನಗೆ ಹೊಸದಾಗಿ ಏನೂ ಕಲಿಯಬೇಕಿರಲಿಲ್ಲ. ಇನ್ನು ಮಲ್ಲಿಪಟ್ಟಣದ ಭೀಮನೇ ದೋಣಿ ನಡೆಸುವ ಕೆಂಚಯ್ಯ.

ಭೀಮನಿಗೆ ಮಾತು ಉಗ್ಗುತ್ತಿತ್ತು. ತರಗತಿಯಲ್ಲಿ ಹಾಜರಿ ಕೂಗಿದರೆ 'ಎಸ್' ಎನ್ನುವಷ್ಟರಲ್ಲಿ ಮೇಷ್ಟ್ರು ಮುಂದಿನ ಎರಡು ಹೆಸರು ದಾಟಿರುತ್ತಿದ್ದರು. ಆದರೆ ಕೆಂಚಯ್ಯನಿಗೆ ಉಗ್ಗಿರಲಿಲ್ಲ. ಭೀಮ ಕಣ್ಣನ್ನು ಅರ್ಧ ಮುಚ್ಚಿ, ಹುಟ್ಟು ಹಾಕುವವನ ಹಾಗೆ ತೋಳು ಬೀಸಿ, ಕೆಂಚಯ್ಯನಾಗಿ ಬಾಯಿ ತೆರೆದರೆ ಸಾಕು, ಮಾತು ಆಳದಿಂದ, ನಿಧಾನವಾಗಿ, ಒಂದೂ ಕಲ್ಲಿಗೆ ತಾಗದೆ ಹರಿದು ಬರುತ್ತಿತ್ತು. ಮೊದಲ ಸಲ ಕೇಳಿದಾಗ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಆ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೊಂದು ನಾವು ಮಾಡಿದ ಒಳ್ಳೆಯ ಕೆಲಸ.

ಸೀಮೆಗೆ ಎರಡು ಕಟ್ಟಳೆಗಳಿದ್ದವು. ಒಂದು: ಯಾರು ಆಟಕ್ಕೆ ಬಂದಿಲ್ಲವೋ ಅವರ ಮನುಷ್ಯ ದೋಣಿಯಲ್ಲಿ ಮಲಗಿರುತ್ತಾನೆ, ಅವನನ್ನು ಬೇರೆಯವರು ಎಬ್ಬಿಸುವಂತಿಲ್ಲ. ಎರಡು: ಲಾಂಗ್ ಬುಕ್ಕಿನಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ.

ಮೊದಲನೆಯದನ್ನು ಮುರಿದವನು ನಾನು.

*

ಮುಂದಿನ ಭಾನುವಾರ ಚನ್ನರಾಯಪಟ್ಟಣದಲ್ಲಿ ಮಾನಸಾಳ ಮನೆಗೆ ಹೋದೆ. ಅವಳು ಅಲ್ಲಿ ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತಾಳೆ. ಪುಟ್ಟರಾಜು ಅರಕಲಗೂಡಿನ ಕಡೆ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ಭಾನುವಾರವಾದರೂ ಕೊರಳಲ್ಲಿ ಪೀಪಿ ತೂಗಾಡುತ್ತಿತ್ತು.

"ಯಾಕ್ಲಾ, ಎಂಡ್ತೀನೂ ಪೀಪೀಲೇ ಕರೀತೀಯಾ?" ಎಂದೆ.

"ಅವ್ಳೇ ನನ್ನ ಇದ್ರಲ್ಲಿ ಕರೀತಾಳೆ ಕಣ್ಲಾ. ಬಾ, ಕುಂತ್ಕ."

ಮಾನಸಾ ಮಂಡಕ್ಕಿ ತಟ್ಟೆ ಸರಿಸಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. ಮನೆ ಬದಲಾಯಿಸುವಾಗ ಹಳೆಯ ಟ್ರಂಕಿನಲ್ಲಿ ಸಿಕ್ಕಿತಂತೆ. ಉದ್ದನೆಯ ಪುಸ್ತಕ, ಬ್ರೌನ್ ಪೇಪರಿನ ಹೊದಿಕೆ, ಮೂಲೆಯಲ್ಲಿ ಚಹಾ ಲೋಟದ ಉಂಗುರ. ಅದರ ಸುತ್ತಲೂ ಪುಟ್ಟರಾಜು ಆಗ ಪೆನ್ನಿನಲ್ಲಿ ಗೀಚಿ, 'ಇದು ಕೆರೆ' ಎಂದು ಬರೆದಿದ್ದ. ಬರೆದ ಮೇಲೆ ಮುಗಿಯಿತು. ಸೀಮೆಯಲ್ಲಿ ಚಹಾ ಬಣ್ಣದ ದುಂಡನೆಯ ಕೆರೆಯೊಂದು ಕೊನೆಯವರೆಗೂ ಇತ್ತು.

"ಪೂರಾ ಓದಿದೆ," ಎಂದಳು ಮಾನಸಾ. "ಅರ್ಧ ಎಷ್ಟು ಚೆನ್ನಾಗಿದೆ ಅಂದ್ರೆ ಬರೆದೋಳು ನಾನಾ ಅನ್ಸುತ್ತೆ. ಇನ್ನರ್ಧ ಓದಿದ್ರೆ ಬರೆದೋಳು ನಾನಲ್ಲ ಅಂತ ಆಣೆ ಮಾಡೋಣ ಅನ್ಸುತ್ತೆ. ಮತ್ತೆ ಶುರು ಮಾಡೋಣ ಅಂತ ಆಸೆ. ಮಾಡಿ ಕೆಡಿಸಿಬಿಟ್ರೆ ಅಂತ ಭಯ."

"ಶುರು ಮಾಡಾದೇ ಆದ್ರೆ ರೂಲ್ಸು ಒಸಾದು ತರನ," ಎಂದ ಪುಟ್ಟರಾಜು. "ಉಣ್ಸೆ ಬೀಜ ಯಾವ ಕಾಲ? ಮೊಬೈಲಲ್ಲಿ ದಾಳದ ಆಪ್ ಅದೆ. ಅಲ್ಲಾ, ಬೀಜ ಯಾರತ್ರ ಅವೆ ಈಗ?"

ಯಾರ ಹತ್ತಿರವೂ ಇರಲಿಲ್ಲ.

"ಒಂದಕ್ಷರ ಮುಟ್ಬೇಡಿ," ಎಂದೆ ನಾನು. "ಎಲ್ಲಿ ಬಿಟ್ಟಿದ್ವೋ ಅಲ್ಲಿಂದಲೇ ಶುರು. ಅದೇ ಸಂತೆ, ಅದೇ ಕೆರೆ, ಅದೇ ನಾನು."

"ನೀನು ಅದೇ ಅಲ್ವಲ್ಲೋ," ಎಂದಳು ಮಾನಸಾ. "ನೋಡು ನಿನ್ನ ಹೊಟ್ಟೆನ. ನಮಗೆ ಹನ್ನೆರಡು ವರ್ಷ ಆಗಿದೆ, ಅಲ್ಲೂ ಆಗ್ಲಿ. ಆ ಜನಕ್ಕೂ ವಯಸ್ಸಾಗ್ಲಿ. ಇಲ್ದಿದ್ರೆ ನಾವು ಹಳೇ ಫೋಟೋ ಮುಂದೆ ಕೂತ್ಕೊಂಡು ಕೈ ಆಡಿಸ್ದಂಗೆ."

"ಫೋಟೋ ಚೆನ್ನಾಗಿತ್ತು ಕಣೆ."

"ಚೆನ್ನಾಗಿತ್ತು," ಎಂದು ಒಪ್ಪಿಕೊಂಡು ಅವಳು ಕೊನೆಯ ಹಾಳೆ ತೆಗೆದಳು.

ಅವಳದೇ ದುಂಡಕ್ಷರ. *ಕೆಂಚಯ್ಯ ಎದ್ದು ಕೂತ. 'ದ್ದ ದ್ದ ದ್ದೋಣಿ' ಅಂದ. ಎಲ್ಲರೂ ನಕ್ಕರು.* ಅದರ ಕೆಳಗೆ ಖಾಲಿ.

ಆವತ್ತು ಮಲ್ಲಿಪಟ್ಟಣದ ಬಸ್ಸು ತಡವಾಗಿತ್ತು. ಭೀಮ ಬಂದಿರಲಿಲ್ಲ, ಕೆಂಚಯ್ಯ ದೋಣಿಯಲ್ಲಿ ಮಲಗಿದ್ದ. ಬೇಸರವಾಗಿತ್ತು. ನಾನು ಸುಮ್ಮನೆ ಕೆಂಚಯ್ಯನನ್ನು ಎಬ್ಬಿಸಿದೆ, ಭೀಮನ ದನಿಯಲ್ಲಿ. ಕೆಂಚಯ್ಯನ ದನಿಯಲ್ಲ, ಭೀಮನದು. ಹಾಜರಿ ಕೂಗುವಾಗಿನ ಆ ಕತ್ತು, ಆ ತುಟಿ, ಆ ಕಣ್ಣು, ಎಲ್ಲವನ್ನೂ ತಂದೆ. ಅಷ್ಟು ಚೆನ್ನಾಗಿ ನಾನು ಮತ್ಯಾರನ್ನೂ ಯಾವತ್ತೂ ಮಾಡಿಲ್ಲ. ಪುಟ್ಟರಾಜು ನೆಲಕ್ಕೆ ಉರುಳಿ ನಕ್ಕ. ಮಾನಸಾ ಕಣ್ಣೀರು ಒರೆಸಿಕೊಂಡು ನಗುತ್ತಲೇ ಬರೆದುಕೊಂಡಳು. ಆಮೇಲೆ ಬಾಗಿಲು ತೆಗೆದು ನೋಡಿದರೆ ಮೆಟ್ಟಿಲ ಮೇಲೆ ಒಂದು ಬಟ್ಟೆ ಚೀಲ. ಒಳಗೆ ಬೇಯಿಸಿದ ಕಡಲೇಕಾಯಿ, ಇನ್ನೂ ಬೆಚ್ಚಗಿತ್ತು. ಅದನ್ನು ಭೀಮನ ಅವ್ವ ಪ್ರತಿ ವಾರ ಅವನ ಕೈಲಿ ಕಳಿಸುತ್ತಿದ್ದರು.

ಮುಂದಿನ ವಾರ ಭೀಮ ಬರಲಿಲ್ಲ. ಅದರ ಮುಂದಿನ ವಾರವೂ. ಕಾಲೇಜಿನಲ್ಲಿ ಸಿಕ್ಕರೆ ತಲೆಯಾಡಿಸುತ್ತಿದ್ದ, ಅಷ್ಟೇ. ಪರೀಕ್ಷೆ ಬಂತು, ಮುಗಿಯಿತು, ಎಲ್ಲರೂ ಅವರವರ ಬಸ್ಸು ಹತ್ತಿದೆವು.

"ಆ ಆಳೆ ಅರ್ದಾಕ್ಬುಡನ," ಎಂದ ಪುಟ್ಟರಾಜು ಮೆಲ್ಲಗೆ.

"ಹೊಡೆದುಹಾಕೋ ಹಾಗಿಲ್ಲ ಅಂತ ನಾವೇ ಮಾಡ್ಕೊಂಡಿದ್ದು," ಎಂದಳು ಮಾನಸಾ.

"ಬೇರೆ ದೋಣಿಯವನನ್ನ ತಂದ್ರೆ?" ಎಂದೆ. ಹೇಳಿ ಮುಗಿಸುವ ಮೊದಲೇ ನನಗೆ ನಾಚಿಕೆಯಾಯಿತು.

ಮಾನಸಾ ಪುಸ್ತಕ ಮುಚ್ಚಿ ನನ್ನನ್ನೇ ನೋಡಿದಳು. "ಕೆಂಚಯ್ಯ ಇಲ್ದೆ ಸೀಮೆ ಇಲ್ಲ ಮಧು. ಭೀಮ ಬಂದ್ರೆ ಆಟ, ಇಲ್ದಿದ್ರೆ ಪುಸ್ತಕ ವಾಪಸ್ ಟ್ರಂಕಿಗೆ. ನಾನು ಬರೆದಿದ್ದು ತಪ್ಪು, ಇವನು ನಕ್ಕಿದ್ದು ತಪ್ಪು. ಆದ್ರೆ ಹೋಗ್ಬೇಕಾದೋನು ನೀನು."

*

ಅರಕಲಗೂಡಿನಿಂದ ಹೊರಟ ಮಲ್ಲಿಪಟ್ಟಣದ ಬಸ್ಸಿನಲ್ಲಿ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿದೆ. ಒಂದು ಸಲ ಕೇಳಿದರೆ ರೇಡಿಯೋದಲ್ಲಿ ಸಂತಾಪ ಸೂಚಿಸಿದ ಹಾಗೆ ಬಂತು. ಇನ್ನೊಂದು ಸಲ ನಮ್ಮ ಮಾವ ಮದುವೆ ಮನೆಯಲ್ಲಿ ಬೀಗರನ್ನು ಸಮಾಧಾನ ಮಾಡಿದ ಹಾಗೆ. ಮೂರನೆಯದು ಬ್ಯಾಂಕಿನ ಮೇನೇಜರು. ಪಕ್ಕದಲ್ಲಿ ಕೂತಿದ್ದ ಅಜ್ಜ ಎದ್ದು ಹಿಂದಿನ ಸೀಟಿಗೆ ಹೋದರು. ಎಲ್ಲರ ದನಿಯೂ ನನ್ನ ಗಂಟಲಲ್ಲಿತ್ತು, ಈ ಒಂದು ಮಾತಿಗೆ ಬೇಕಾದ ದನಿ ಮಾತ್ರ ಸಿಗಲಿಲ್ಲ.

ಊರಾಚೆ ಹಸಿರು ಬಲೆಯ ನೆರಳಿನ ಕೆಳಗೆ ಭೀಮನ ಸಸಿ ನರ್ಸರಿ. ಕಪ್ಪು ಟ್ರೇಗಳಲ್ಲಿ ಮೆಣಸಿನಕಾಯಿ, ಎಲೆಕೋಸು, ಚೆಂಡು ಹೂವಿನ ಸಸಿಗಳು ಎಳೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಬಾಗಿಲಲ್ಲಿ ಸಿಕ್ಕಿದವರು ಅವನ ಅವ್ವ ಕೃಷ್ಣಮ್ಮ. ಕಣ್ಣು ಕಿರಿದು ಮಾಡಿ ನೋಡಿದರು.

"ಯಾರಪ್ಪ? ಸಸಿ ಬೇಕಾ?"

"ನಾನು ಮಧು ಅವ್ವ. ಹಾಸನದಲ್ಲಿ ಭೀಮನ ಜೊತೆ ಓದ್ತಿದ್ದೆ."

"ಓ! ಎಲ್ಲಾರ ದನೀನೂ ಮಾಡೋನು ನೀನೇಯಾ?" ಎಂದು ಒಳಕ್ಕೆ ಕೂಗಿದರು, "ಲೋ ಭೀಮ, ನಿನ್ ಕಾಲೇಜ್ನೋನು ಬಂದವ್ನೆ ಬಾರ್ಲಾ!" ಮತ್ತೆ ನನ್ನ ಕಡೆ ತಿರುಗಿ, "ನಾನು ಕೊಡ್ತಿದ್ದ ಕಡ್ಲೇಕಾಯಿ ತಿಂತಿದ್ರಾ ಮಗ? ಇವ್ನು ತಕಂಡೋಗಿ ತಾನೇ ತಿನ್ಕತಾನೆ ಅನ್ಕಂಡಿದ್ದೆ."

"ತಿಂತಿದ್ವಿ ಅವ್ವ," ಎಂದೆ. ಮೆಟ್ಟಿಲ ಮೇಲಿದ್ದ ಆ ಚೀಲವನ್ನೂ ಖಾಲಿ ಮಾಡಿದ್ದೆವು ಎನ್ನುವುದು ನೆನಪಾಯಿತು.

ಭೀಮ ಟ್ರೇ ಹಿಡಿದುಕೊಂಡು ಬಂದು ನಿಂತ. ಕಿವಿಯ ಹತ್ತಿರ ನರೆ ಬಂದಿತ್ತು. ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. "ಬಾ," ಎಂದ.

"ಲೇ, ನಿನ್ ಸ್ನೇಯ್ತ ನನ್ ದನಿ ಮಾಡ್ತಾನಾ ಕೇಳು," ಎಂದರು ಕೃಷ್ಣಮ್ಮ. "ಮಾಡಪ್ಪ, ನೋಡನ. ನಾನು ಕೂಗಿದ್ನಲ್ಲ ಈಗ, ಅಂಗೆ."

ಜೀವನದಲ್ಲಿ ಮೊದಲ ಸಲ ನನಗೆ ಯಾರ ದನಿಯೂ ಬೇಡವಾಗಿತ್ತು. ಭೀಮ ನನ್ನನ್ನೇ ನೋಡುತ್ತಿದ್ದ. "ಜನರದ್ದು ಬಿಟ್ಟಿದೀನಿ ಅವ್ವ," ಎಂದು ತೊದಲಿ, ಚಳಿಗೆ ಸ್ಟಾರ್ಟ್ ಆಗದ ಟಿಲ್ಲರಿನ ದನಿ ಮಾಡಿದೆ. ಎರಡು ಸಲ ಗೊರಗೊರ ಎಂದು, ಕೆಮ್ಮಿ, ಆರಿಹೋಗುವ ಹಾಗೆ.

"ಅಯ್ಯೋ ನಮ್ದೇ ಕಣ್ಲಾ ಇದು!" ಎಂದು ಕೃಷ್ಣಮ್ಮ ತೊಡೆ ತಟ್ಟಿ ನಕ್ಕರು. ಭೀಮನ ತುಟಿಯ ಒಂದು ಮೂಲೆ ಅಲ್ಲಾಡಿತು. ಅವರು ಮಜ್ಜಿಗೆ ತರಲು ಒಳಗೆ ಹೋದರು.

ಭೀಮ ನನ್ನ ಕೈಗೊಂದು ಟ್ರೇ ಕೊಟ್ಟ. ಇಬ್ಬರೂ ಸಾಲಿನ ಉದ್ದಕ್ಕೂ ಟ್ರೇ ಜೋಡಿಸುತ್ತ ಹೋದೆವು. ಹನ್ನೊಂದನೆಯದನ್ನು ಇಡುವಾಗ ನಾನು ಹೇಳಿದೆ: "ತಪ್ಪಾಯ್ತು ಕಣ್ಲಾ ಭೀಮ." ಯಾರ ಹಾಗೂ ಇರಲಿಲ್ಲ ಆ ದನಿ. ಚೆನ್ನಾಗೂ ಇರಲಿಲ್ಲ.

"ಗೊತ್ತು," ಎಂದ. ಮತ್ತೆರಡು ಟ್ರೇ ಇಟ್ಟ. ಆಮೇಲೆ ಹೇಳತೊಡಗಿದ. ಮಾತು ಎಷ್ಟೋ ಕಡೆ ತಡೆಯಿತು. ಒಂದೊಂದು ಪದಕ್ಕೆ ಅವನು ಕಣ್ಣು ಮುಚ್ಚಿ ಕಾಯಬೇಕಾಯಿತು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಒಂದು ಸಲ ಬರೆಸಿದ್ದು ಸಾಕು.

"ನೀನು ನನ್ನ ಆಡ್ಕಂಡೆ ಅಂತ ಬುಡ್ನಿಲ್ಲ ಕಣ್ಲಾ ಆಟನ. ಆಡ್ಕಳೋರು ಬಸ್ನಲ್ಲೂ ಅವ್ರೆ, ಸಂತೇಲೂ ಅವ್ರೆ. ಕೆಂಚಯ್ಯಂಗೆ ಉಗ್ಗು ಇರ್ನಿಲ್ಲ. ಅದೊಂದು ಜಾಗ ಇತ್ತು ನಂಗೆ. ವಾರಕ್ಕೊಂದಪ ಓಗಿ ಬತ್ತಿದ್ದೆ. ನೀನು ಅಲ್ಗೂ ತಂದಾಕ್ಬುಟ್ಟೆ ಅದ್ನ."

ನಾನು ಟ್ರೇಯನ್ನು ಹಿಡಿದುಕೊಂಡೇ ನಿಂತೆ. ಹನ್ನೆರಡು ವರ್ಷ ನಾನು ಬೇರೆ ಯಾವುದೋ ತಪ್ಪಿಗೆ ಬೇಜಾರು ಮಾಡಿಕೊಂಡಿದ್ದೆ.

"ಮಾನಸಾ ಮತ್ತೆ ಶುರು ಮಾಡ್ತಾಳಂತೆ," ಎಂದೆ. "ಬರೋ ಭಾನುವಾರ ಬೆಳಿಗ್ಗೆ, ಶೆಟ್ಟಿಹಳ್ಳೀಲಿ. ನೀನು ಬಂದ್ರೆ ಮಾತ್ರ."

"ಪುಟ್ಟರಾಜು ಫೋನ್ ಮಾಡಿದ್ದ." ಭೀಮ ಒಂದು ಮೆಣಸಿನ ಸಸಿಯ ಬುಡದ ಮಣ್ಣನ್ನು ಬೆರಳಿನಿಂದ ಒತ್ತಿದ. "ಬಂದು, ಬಾಯ್ ಬುಟ್ಟು, ಕೆಂಚಯ್ಯನೂ ಉಗ್ಬುಟ್ರೆ? ಆಗ ಅದೂ ಓಯ್ತಲ್ಲ. ಈಗ ಮನಗವ್ನೆ. ಮನಗಿರೋ ಗಂಟ ಅವ್ನ ಮಾತು ಸೊಗಸಾಗದೆ."

ಹೊಳೆನರಸೀಪುರದವನಿಗೆ ಏನಾದರೂ ಹೊಳೆಯುತ್ತದೆ ಎಂದು ನಾನೇ ಎಲ್ಲರೆದುರು ಹೇಳಿಕೊಂಡು ತಿರುಗಿದ್ದು ಎಷ್ಟು ವರ್ಷ! ಆವತ್ತು ಏನೂ ಹೊಳೆಯಲಿಲ್ಲ. ಮಜ್ಜಿಗೆ ಕುಡಿದೆ. ಹೊರಡುವಾಗ ಅವನು ಬತ್ತೀನಿ ಅನ್ನಲಿಲ್ಲ, ಬರಕಿಲ್ಲ ಅಂತಲೂ ಅನ್ನಲಿಲ್ಲ. ಬಸ್ಸು ಬರುವವರೆಗೆ ನನ್ನ ಜೊತೆ ರಸ್ತೆಬದಿಯಲ್ಲಿ ನಿಂತಿದ್ದ, ಅಷ್ಟೇ.

*

ಶೆಟ್ಟಿಹಳ್ಳಿಯಲ್ಲಿ ನೀರು ಚೆನ್ನಾಗಿ ಇಳಿದಿತ್ತು. ಚರ್ಚಿನ ಕಮಾನುಗಳ ಸುತ್ತ ಹಸಿರು ಹುಲ್ಲು, ಅದರಲ್ಲಿ ದನ ಮೇಯುತ್ತಿದ್ದವು. ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಳ್ಳುವ ಜೋಡಿಯೊಂದು ಬಂದಿತ್ತು. ಫೋಟೋದವನು ಹುಡುಗಿಯ ಉದ್ದನೆಯ ಗೌನನ್ನು ಗಾಳಿಗೆ ಹಾರಿಸಿ ಹಾರಿಸಿ, "ಸಾ, ಮೇಡಮ್ನ ನೋಡಿ ಸಾ, ಕ್ಯಾಮ್ರಾನಲ್ಲ!" ಎಂದು ಕೂಗುತ್ತಿದ್ದ.

ದೂರದ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಮೂವರು ಕೂತೆವು. ಮೇಜು ತರಲು ಪುಟ್ಟರಾಜು ಒಪ್ಪಲಿಲ್ಲ, "ಬೆನ್ ಮ್ಯಾಲೆ ಒತ್ಕಬರ್ಲಾ?" ಎಂದ. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಮಾನಸಾ ಪುಸ್ತಕದ ಮೂಲೆಯ ಚಹಾ ಕೆರೆಯ ಮೇಲೆ ಬೆರಳಿನಿಂದ ಸುತ್ತು ಹಾಕುತ್ತಿದ್ದಳು.

"ಬರದಿದ್ರೆ ಬೇಜಾರು ಮಾಡ್ಕಬ್ಯಾಡ ಕಣಮ್ಮ," ಎಂದು ಪುಟ್ಟರಾಜು ಹೇಳುತ್ತಿದ್ದ ಹಾಗೆಯೇ ಟಿವಿಎಸ್ ಒಂದು ಹುಲ್ಲಿನ ಮೇಲೆ ಕುಪ್ಪಳಿಸುತ್ತ ಬಂತು. ಭೀಮ ಅದನ್ನು ಸ್ಟ್ಯಾಂಡ್ ಹಾಕಿ, ಬಟ್ಟೆ ಚೀಲವೊಂದನ್ನು ಚಾಪೆಯ ನಡುವೆ ಇಟ್ಟ.

"ಅವ್ವ ಕೊಟ್ಳು. ಹುರಿದಿರೋದು. ಹಸಿ ಇಲ್ಲ ಈಗ."

ಕೂತು, ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಆರು ಹುಣಸೆ ಬೀಜ. ಅವುಗಳನ್ನು ಉಜ್ಜಿದ್ದು ಅವನೇ ಎಂಬುದು ಆಗ ನೆನಪಾಯಿತು. ಆವತ್ತು ಅವು ಅವನ ಜೇಬಿನಲ್ಲೇ ವಾಪಸ್ ಹೋಗಿದ್ದವು. ಹನ್ನೆರಡು ವರ್ಷದಲ್ಲಿ ಕಂದು ಮಗ್ಗುಲು ಕೈಯಾಡಿ ಕೈಯಾಡಿ ಹೊಳೆಯುತ್ತಿತ್ತು. ಪುಟ್ಟರಾಜು ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ಜೇಬಿಗೆ ಇಳಿಬಿಟ್ಟ.

ಮಾನಸಾ ಪೆನ್ನು ತೆಗೆದಳು. ಒಂದು ಸಲ ನೀರಿನ ಕಡೆ ನೋಡಿ ಶುರು ಮಾಡಿದಳು. ಗಣಿತದ ಮೇಡಮ್ಮಿನ ದನಿ ಎರಡು ವಾಕ್ಯದಲ್ಲಿ ಕಳಚಿಬಿತ್ತು.

"ಇಳಿನೀರ ಸೀಮೆ. ನೀರು ಇಳಿದು ಹನ್ನೆರಡು ವರ್ಷ ಆಯ್ತು. ಮತ್ತೆ ಏರಲೇ ಇಲ್ಲ. ನಾಲ್ಕು ತಿಂಗಳಲ್ಲಿ ಮುಗಿಸಬೇಕಾದ ಜಗಳಾನ ಜನ ಹನ್ನೆರಡು ವರ್ಷದಿಂದ ಎಳೀತಾ ಇದಾರೆ. ಅವಸರವೇ ಇಲ್ಲ, ಯಾಕಂದ್ರೆ ಹೊರಡೋ ಹಾಗೇ ಇಲ್ಲ. ದೋಣಿ ಕೆಸರಲ್ಲಿ ಹೂತಿದೆ. ಕೆಸರು ಒಣಗಿ ಗಟ್ಟಿಯಾಗಿದೆ. ದೋಣಿಯ ಸುತ್ತ ಮೂರು ಜನ ನಿಂತಿದಾರೆ... ಅಲ್ಲ, ಇಬ್ಬರು. ದೋಣಿಯೊಳಗೆ ಒಬ್ಬ ಮಲಗಿದಾನೆ."

ಅವಳು ನಿಲ್ಲಿಸಿದಳು.

ಭೀಮ ಕಣ್ಣನ್ನು ಅರ್ಧ ಮುಚ್ಚಿದ. ತೋಳು ಹುಟ್ಟು ಹಾಕುವ ಹಾಗೆ ಒಂದು ಸಲ ಬೀಸಿತು. ಬಾಯಿ ತೆರೆದ.

ಮಾತು ಬರಲಿಲ್ಲ.

ತುಟಿ ಆ ಒಂದು ಅಕ್ಷರದ ಮೇಲೆ ನಿಂತುಬಿಟ್ಟಿತು. ಕತ್ತಿನ ನರ ಎದ್ದಿತು. ಅವನು ಹೇಳಬೇಕೆಂದಿದ್ದ ಪದ ನನಗೆ ಗೊತ್ತಿತ್ತು. ಕೆಂಚಯ್ಯ ಏಳುವಾಗಲೆಲ್ಲ ಹೇಳುತ್ತಿದ್ದದ್ದು ಅದೊಂದೇ ಪದ. ಅದು ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ನಾಲಿಗೆ ಕಚ್ಚಿಕೊಂಡೆ. ಪುಟ್ಟರಾಜು ಪೀಪಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಹುಲ್ಲು ನೋಡುತ್ತಿದ್ದ. ಆ ಕಡೆ ಫೋಟೋದವನು, "ಇನ್ನೊಂದ್ಸಲ ಸಾ, ಇನ್ನೊಂದ್ಸಲ!" ಎಂದು ಕೂಗಿದ. ಒಂದು ಹಸು ನಮ್ಮ ಚಾಪೆಯವರೆಗೂ ಬಂದು, ಮೂಸಿ, ಹೋಯಿತು.

"ಯಾರದು?" ಎಂದ ಕೆಂಚಯ್ಯ.

ಅದೇ ದನಿ. ಆಳದಿಂದ, ನಿಧಾನ.

"ನಿದ್ದೆ ಕೆಡಿಸಿದ್ದು ಯಾರದು? ನನ್ನ ದೋಣಿ..." ಅಲ್ಲಿ ಮತ್ತೆ ಸಿಕ್ಕಿಕೊಂಡಿತು. ಭೀಮನ ಕಣ್ಣು ಪೂರಾ ತೆರೆದವು. ಹೆದರಿಕೆ ಹೇಗೆ ಕಾಣುತ್ತದೆ ಎನ್ನುವುದನ್ನು ನಾನು ಆ ಕಣ್ಣಲ್ಲಿ ನೋಡಿದೆ. ಅವನು ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದ. ನಾವು ಕೂತಿದ್ದೆವು. ಮಾನಸಾ ಬರೆಯುತ್ತಿರಲಿಲ್ಲ. ಎಲ್ಲಿಗೂ ಹೋಗುವ ಅವಸರ ಯಾರಿಗೂ ಇರಲಿಲ್ಲ.

"...ದೋಣಿ ಹತ್ರ ಏನ್ ಮಾಡ್ತಿದೀರ?" ಎಂದು ಮುಗಿಸಿದ. ಉಸಿರು ಬಿಟ್ಟ. ಕಣ್ಣು ಮತ್ತೆ ಅರ್ಧ ಮುಚ್ಚಿದವು. ಆಮೇಲೆ ಮಾತು ಕೆಲವು ಕಡೆ ಹರಿಯಿತು, ಕೆಲವು ಕಡೆ ತಡೆಯಿತು. ಹಳೆಯ ಕೆಂಚಯ್ಯ ಪೂರಾ ಬರಲಿಲ್ಲ. ಆದರೆ ಭೀಮ ನಿಲ್ಲಿಸಲಿಲ್ಲ.

"ಆ ಪುಸ್ತಕದಲ್ಲಿ ನಂದೇನೋ ಬರ್ದಿದೀರಂತೆ. ಓದಿ."

ಮಾನಸಾಳ ಮುಖ ಬಿಳುಚಿತು. ಆದರೂ ಕೊನೆಯ ಹಾಳೆ ತೆಗೆದು ಓದಿದಳು. ಎಲ್ಲವನ್ನೂ, 'ಎಲ್ಲರೂ ನಕ್ಕರು' ಎನ್ನುವುದನ್ನೂ.

"ಹೊಡೆದಾಕ್ಬೇಡಿ ಅದನ್ನ," ಎಂದ ಕೆಂಚಯ್ಯ. "ಆದ್ರೆ ಅದು ನಾನಲ್ಲ. ಬರದೇ ಇದ್ದೋರು ದೋಣೀಲಿ ಮಲಗಿರ್ತಾರೆ, ಅವರಾಗೇ ಏಳೋ ತನಕ. ನಾನು ಮಲಗಿದ್ದೆ. ನಾನು ಎದ್ದಿದ್ದು ಇವತ್ತು. ಹಂಗಾದ್ರೆ ಅವತ್ತು ನನ್ನ ಹೆಸರಲ್ಲಿ ಮಾತಾಡಿದ್ದು ಯಾರು?"

ಸೀಮೆಯಲ್ಲಿ ಬೇರೆಯವರ ದನಿ ಇಟ್ಟುಕೊಂಡವನು ಒಬ್ಬನೇ. ಎಲ್ಲರೂ ನನ್ನ ಕಡೆ ತಿರುಗಿದರು.

ದನಿಮಾರಯ್ಯನದು ಮೂಗಿನ ಕೀಚಲು ದನಿ. ಅದನ್ನೇ ಹುಡುಕಿದೆ, ಸಿಗಲಿಲ್ಲ. "ನಾನೇ," ಎಂದೆ, ನನ್ನದೇ ದನಿಯಲ್ಲಿ. "ಬುರುಡೇಲಿ ನಿನ್ನ ದನಿ ಅದೆ ಅಂತ ಹೇಳಿ ಬೇರೆ ಏನೋ ತೋರಿಸ್ಬುಟ್ಟೆ. ನಾನು... ಅದು..." ಮುಂದಿನ ಪದ ಬರಲೇ ಇಲ್ಲ. ಗಂಟಲಲ್ಲಿ ತೆಂಗಿನಕಾಯಿ ಸಿಕ್ಕಿಕೊಂಡ ಹಾಗೆ ಕೂತೆ.

"ನಿಧಾನಕ್ಕೆ ಹೇಳು," ಎಂದ ಕೆಂಚಯ್ಯ. "ದೋಣಿ ಎಲ್ಲಿಗೂ ಹೋಗಲ್ಲ. ಹೂತೋಗಿದೆಯಲ್ಲ."

ಪುಟ್ಟರಾಜು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಭೀಮ ಅವನ ಕಡೆ ನೋಡಿ, ಹನ್ನೆರಡು ವರ್ಷದ ಮೇಲೆ ಮೊದಲ ಸಲ, ಹಲ್ಲು ಬಿಟ್ಟ. ನಗು ಇಂಗಿದ ಮೇಲೆ ನಾನು ಹೇಳಿ ಮುಗಿಸಿದೆ. ಏನು ಹೇಳಿದೆ ಎನ್ನುವುದು ಪುಸ್ತಕದಲ್ಲಿದೆ.

"ಸರಿ," ಎಂದ ಕೆಂಚಯ್ಯ. "ಹಂಗಾದ್ರೆ ಇಳಿದು ನೂಕು."

"ಏನ್ನ?"

"ದೋಣೀನ. ಹನ್ನೆರಡು ವರ್ಷದ ಕೆಸರು. ನೀನೇ ನೂಕ್ಬೇಕು."

ಮಾನಸಾ ಬೀಜಗಳನ್ನು ನನ್ನ ಅಂಗೈಗೆ ಹಾಕಿದಳು. "ಗಟ್ಟಿ ಕೆಸರು. ಐದು ಬಿಳಿ ಬಿದ್ರೆ ದೋಣಿ ಅಲ್ಲಾಡುತ್ತೆ. ಕಮ್ಮಿ ಬಿದ್ರೆ ಇಲ್ಲ."

ನಾನು ಯಾವ ದೇವರನ್ನು ನೆನೆದೆನೋ ಗೊತ್ತಿಲ್ಲ, ಎರಡೂ ಕೈ ಸೇರಿಸಿ ಕುಲುಕಿ ಚಾಪೆಯ ಮೇಲೆ ಚೆಲ್ಲಿದೆ. ಒಂದು ಬೀಜ ಕಡಲೇಕಾಯಿ ಚೀಲಕ್ಕೆ ತಾಗಿ ತಿರುಗಿ ತಿರುಗಿ ನಿಂತಿತು.

ಆರೂ ಕಂದು. ಒಂದೂ ಬಿಳಿ ಇಲ್ಲ.

"ನೀರು ಏರ್ತು," ಎಂದ ಪುಟ್ಟರಾಜು, ಸಾವಿನ ಸುದ್ದಿ ಹೇಳುವವನ ಹಾಗೆ. "ಆಟ ಮುಗೀತಲ್ಲೇ ಮಾನಸಾ. ಶುರುವಾಗಿ ಅರ್ಧ ಗಂಟೆಯಾಗಿಲ್ಲ. ಇನ್ನೊಂದಪ ಎಸೀಲಿ ಬುಡು."

"ಎಸೆದಿದ್ದು ಎಸೆದ ಹಾಗೇ," ಎಂದಳು ಮಾನಸಾ. ಅವಳ ದನಿ ಒಡೆದಿತ್ತು. ಪೆನ್ನು ಹಾಳೆಯ ಮೇಲೆ ನಿಂತಿತ್ತು, ಬರೆಯಲು ಮನಸ್ಸಿಲ್ಲದೆ.

ಭೀಮ ಬೀಜಗಳನ್ನೇ ನೋಡುತ್ತಿದ್ದ. ಆಮೇಲೆ ಆಚೆ ಹಿನ್ನೀರಿನ ಕಡೆ ನೋಡಿದ. ಮತ್ತೆ ಬೀಜಗಳನ್ನು ನೋಡಿದ.

"ಏರಲಿ ಬಿಡು," ಎಂದ. ಕೆಂಚಯ್ಯನೋ ಭೀಮನೋ, ಆ ಹೊತ್ತಿಗೆ ಗೊತ್ತಾಗಲಿಲ್ಲ. "ಕೆಸರಲ್ಲಿ ಹೂತಿರೋ ದೋಣಿ ನೂಕಿದ್ರೆ ಏಳ್ತದಾ? ನೀರು ಬಂದ್ರೆ ತಾನೇ ಏಳೋದು."

ಮಾನಸಾ ತಲೆ ಎತ್ತಿದಳು. ಮೂರು ವರ್ಷ ಆಡಿದ ಆಟದಲ್ಲಿ ನೀರು ಏರಿದಾಗಲೆಲ್ಲ ನಾವು ತಲೆಯ ಮೇಲೆ ಕೈ ಹೊತ್ತಿದ್ದೆವು. ಅವಳು ಬಗ್ಗಿ ಬರೆದಳು, ಬರೆಯುತ್ತಲೇ ಗಟ್ಟಿಯಾಗಿ ಓದಿದಳು: "ನೀರು ಏರಿತು. ಮೊದಲು ಸಂತೆಯ ಬೀದಿಗೆ, ಆಮೇಲೆ ಚಹಾ ಕೆರೆಗೆ. ಹನ್ನೆರಡು ವರ್ಷದ ಕೆಸರು ಮೆತ್ತಗಾಯಿತು. ದೋಣಿ ಒಂದು ಸಲ ಮಗ್ಗುಲಾಗಿ, ಎದ್ದಿತು."

ಪುಟ್ಟರಾಜು ತಡೆಯಲಾರದೆ ಪೀಪಿ ಊದಿಬಿಟ್ಟ. ಫೋಟೋದ ಜೋಡಿ ಬೆಚ್ಚಿ ನಮ್ಮ ಕಡೆ ತಿರುಗಿತು. ಹಸುಗಳೂ ತಿರುಗಿದವು. ಅವನು ಕಾವಲುಗಾರನಾಗಿ ಲಾಠಿ ಎತ್ತಿ, ದಾರಿಯಲ್ಲಿದ್ದ ಮೀನನ್ನೆಲ್ಲ ಬೆದರಿಸಿ, ಮೊದಲು ದೋಣಿ ಹತ್ತಿಬಿಟ್ಟ.

"ದನಿಮಾರಯ್ಯ ಇನ್ನೂ ಕೆಳಗೇ ಇದಾನೆ," ಎಂದಳು ಮಾನಸಾ. "ನೂಕ್ತಿದ್ದನಲ್ಲ. ಎದೆ ಮಟ್ಟ ನೀರು."

ಭೀಮ ಚಾಪೆಯ ಮೇಲಿಂದ ನನ್ನ ಕಡೆ ಕೈ ಚಾಚಿದ. ಉಗುರಿನಲ್ಲಿ ನರ್ಸರಿಯ ಮಣ್ಣಿತ್ತು. ಏನೋ ಹೇಳಲು ಹೋದ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು. ಅವನು ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದ. ನಾನು ಎದೆ ಮಟ್ಟ ನೀರಿನಲ್ಲಿ ಕಾದೆ.

"ಹತ್ಲಾ," ಎಂದ.

ಕೈ ಹಿಡಿದುಕೊಂಡೆ.